ಕಾರಿನ ಹೆಡ್‌ಲೈಟು ಬದಲಿಸುವ ಕ್ರಮ



ಬೇಸಾಯದ ಮಾತಾಡಬೇಕಾದ ಗ್ರಾಮಸೇವಕ ಈ ಸಲ ಕಾರಿನ ದೀಪದ ಮಾತೆತ್ತಿದ್ದಾನಲ್ಲ ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ನಮ್ಮ ಬ್ಲಾಕಿನ ಹಳ್ಳಿಗಳಲ್ಲಿ ಕೊಟ್ಟಿಗೆಯ ಪಕ್ಕದಲ್ಲಿ ಹಳೆಯ ಕಾರೊಂದು ನಿಂತಿರುವುದು ಈಗ ಹೊಸ ಸಂಗತಿಯೇನಲ್ಲ. ಟೊಮೇಟೊ ಕ್ರೇಟು, ಬೀನ್ಸಿನ ಮೂಟೆಗಳನ್ನು ನಸುಕಿನಲ್ಲಿ ಮಂಡಿಗೆ ಮುಟ್ಟಿಸುವುದು ಅದರಲ್ಲೇ. ಹೊತ್ತಲ್ಲದ ಹೊತ್ತಿನಲ್ಲಿ ನೋವು ಬಂದ ಬಸುರಿಯನ್ನು ಆಸ್ಪತ್ರೆಗೆ ಸೇರಿಸುವುದೂ ಅದರಲ್ಲೇ. ಅಂದರೆ ನಮ್ಮ ಊರಿನ ಕಾರಿಗೆ ಕತ್ತಲಲ್ಲೇ ಹೆಚ್ಚು ಕೆಲಸ. ಎಂಜಿನ್ನಿಗೆ ಆಯಿಲು ಹಾಕಿಸುತ್ತೇವೆ, ಟೈರು ನೋಡುತ್ತೇವೆ. ಮುಂದಿನ ದೀಪ ಮಾತ್ರ ಮಜ್ಜಿಗೆ ಬಳಿದ ಹಾಗೆ ಮಸುಕಾಗಿದ್ದರೂ "ಉರಿಯುತ್ತಲ್ಲ, ಸಾಕು" ಎಂದು ಬಿಟ್ಟುಬಿಡುತ್ತೇವೆ.

ದೀಪದ ಇಡೀ ಪೆಟ್ಟಿಗೆಗೆ ಅಂಗಡಿಯವರು 'ಡೂಮು' ಎನ್ನುತ್ತಾರೆ. ಅದನ್ನು ಬದಲಿಸಲು ವರ್ಕ್‌ಶಾಪಿಗೇ ಹೋಗಬೇಕೆಂದಿಲ್ಲ. ಸ್ಪ್ರೇಯರಿನ ನಾಜಲ್ಲು, ಪಂಪಿನ ವಾಶರು ಬದಲಿಸಬಲ್ಲ ಕೈ ಇದಕ್ಕೂ ಸಾಕು. ಒಂದು ಮಧ್ಯಾಹ್ನದ ಕೆಲಸ. ಆದರೆ ಬದಲಿಸುವುದು ಅರ್ಧ ಕೆಲಸ ಮಾತ್ರ. ಹೊಸ ದೀಪದ ಬೆಳಕನ್ನು ಬೀಳಬೇಕಾದ ಜಾಗಕ್ಕೆ ಬೀಳಿಸುವುದು ಉಳಿದ ಅರ್ಧ. ಆ ಅರ್ಧವನ್ನು ಬಿಟ್ಟರೆ ಏನಾಗುತ್ತದೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ.

2023ರ ಡಿಸೆಂಬರಿನ ಒಂದು ಭಾನುವಾರ ನನ್ನ ಹಳೆಯ ಕಾರಿಗೆ ನಾನೇ ಎರಡು ಹೊಸ ಡೂಮುಗಳನ್ನು ಕೂರಿಸಿದೆ. ಸಾಯಂಕಾಲ ಹೊತ್ತಿಸಿ ನೋಡಿದರೆ ಎದುರಿನ ತೆಂಗಿನ ಮರದ ಗರಿಗಳೆಲ್ಲ ಕಾಣುತ್ತಿದ್ದವು. ಬೆಳಕೆಂದರೆ ಇದು ಎಂದು ಬೀಗಿದೆ. ಡಿಮ್ಮಿನಲ್ಲಿ ಗರಿ ಕಂಡದ್ದೇ ತಪ್ಪಿನ ಗುರುತು ಎಂಬುದು ಆಗ ಹೊಳೆಯಲಿಲ್ಲ. ಮಾರನೆಯ ನಸುಕಿನಲ್ಲಿ ನಾಲೆಯ ಏರಿಯ ಮೇಲೆ ಹೋಗುತ್ತಿದ್ದೆ. ಎದುರಿಗೆ ಹಿರಿಯರೊಬ್ಬರು ಮೊಪೆಡ್ಡಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಬರುತ್ತಿದ್ದರು. ನನ್ನ ದೀಪ ಡಿಮ್ಮಿನಲ್ಲೇ ಇತ್ತು. ಹಾಗಿದ್ದೂ ಅವರು ಕಣ್ಣಿಗೆ ಕೈ ಅಡ್ಡ ಹಿಡಿದರು; ಗಾಡಿ ಓಲಾಡಿ ಏರಿಯ ಅಂಚಿನ ಲಂಟಾನ ಪೊದೆಗೆ ನುಗ್ಗಿ ಬಿತ್ತು. ಪೊದೆಯ ಆಚೆಗೆ ತುಂಬಿದ ನಾಲೆ. ನಾನು ಓಡಿಹೋಗಿ ಎತ್ತಿದೆ. ಮೊಣಕೈ ತರಚಿತ್ತು, ಹಾಲೆಲ್ಲ ಮಣ್ಣುಪಾಲಾಗಿತ್ತು. "ನಿಮಗೆ ದಾರಿ ಕಾಣ್ಲಿ ಅಂತ ನಮ್ ಕಣ್ಣು ಕೀಳ್ತೀರಾ ಸ್ವಾಮಿ?" ಎಂದರು. "ತಪ್ಪಾಯ್ತು ಯಜಮಾನ್ರೇ" ಎಂದೆ. ಹಾಲಿನ ದುಡ್ಡು ಕೊಡಹೋದರೆ ಮುಟ್ಟಲಿಲ್ಲ. ಅಂದೇ ಸಂಜೆ ಗೋಡೆಯ ಮುಂದೆ ನಿಲ್ಲಿಸಿ ಅಳೆದೆ. ಬಲಗಡೆಯ ದೀಪ ಇರಬೇಕಾದ ಗೆರೆಗಿಂತ 15 ಸೆಂಟಿಮೀಟರು, ಎಂದರೆ ಆರು ಅಂಗುಲ, ಮೇಲಿತ್ತು. ಸರಿಪಡಿಸಲು ಹಿಡಿದದ್ದು ಒಂದು ಸ್ಕ್ರೂಡ್ರೈವರು, ಹತ್ತು ನಿಮಿಷ.

ಮೊದಲು ರೋಗ ಯಾವುದೆಂದು ನೋಡಿ

ಬೆಳಕು ಕಡಮೆಯಾದ ಕೂಡಲೆ ಡೂಮು ಕೊಳ್ಳಲು ಓಡಬೇಡಿ. ಎಲೆ ಹಳದಿಯಾದ ಕೂಡಲೆ ಯೂರಿಯಾ ಎರಚುವ ಹಾಗೆ ಆಗುತ್ತದೆ ಅದು. ಮಂಕು ಬೆಳಕಿಗೆ ಮೂರು ನಾಲ್ಕು ಕಾರಣಗಳುಂಟು.

ಒಂದನೆಯದು ಹೊರ ಮೈ. ಈಗಿನ ಕಾರುಗಳ ದೀಪದ ಮುಖ ಗಾಜಲ್ಲ, ಪಾಲಿಕಾರ್ಬನೇಟೆಂಬ ಪ್ಲಾಸ್ಟಿಕ್ಕು. ಮೇಲೆ ತೆಳುವಾದ ರಕ್ಷಣೆಯ ಲೇಪವಿರುತ್ತದೆ. ವರ್ಷಗಟ್ಟಲೆ ಬಿಸಿಲು ಹೊಡೆದು ಆ ಲೇಪ ಸುಟ್ಟುಹೋದ ಮೇಲೆ ಪ್ಲಾಸ್ಟಿಕ್ಕು ಹಳದಿಗಟ್ಟಿ ಪೊರೆ ಬಂದ ಕಣ್ಣಿನಂತಾಗುತ್ತದೆ. ಪೊರೆ ಹೊರಗಡೆ ಮಾತ್ರ ಇದ್ದರೆ ನೀರುಕಾಗದದಿಂದ ಉಜ್ಜಿ ತೆಗೆಯಬಹುದು. ಮೊದಲು 1000 ನಂಬರು, ಆಮೇಲೆ 2000 ನಂಬರು, ನೀರು ಬಿಡುತ್ತಾ ಉಜ್ಜಿ, ಕೊನೆಗೆ ಪಾಲಿಶ್ ಹಚ್ಚಿ. ಲೇಪ ಹೋಗಿರುವುದರಿಂದ ಇದು ಕೆಲವು ತಿಂಗಳು ಮಾತ್ರ ಬಾಳುತ್ತದೆ. ಟೂತ್‌ಪೇಸ್ಟಿನಿಂದ ಉಜ್ಜುವವರಿದ್ದಾರೆ, ಅದರ ಹೊಳಪು ಇನ್ನೂ ಬೇಗ ಹೋಗುತ್ತದೆ.

ಎರಡನೆಯದು ಬಲ್ಬು. ಬಹುಪಾಲು ಚಿಕ್ಕ ಕಾರುಗಳಲ್ಲಿ ಇರುವುದು 'ಎಚ್ 4' ಎಂಬ 12 ವೋಲ್ಟಿನ ಹ್ಯಾಲೊಜನ್ ಬಲ್ಬು. ಒಂದೇ ಬಲ್ಬಿನೊಳಗೆ ಎರಡು ತಂತಿ: ದೂರದ ಬೆಳಕಿಗೆ, ಎಂದರೆ ಬ್ರೈಟಿಗೆ, 60 ವ್ಯಾಟು, ಹತ್ತಿರದ ಬೆಳಕಿಗೆ, ಎಂದರೆ ಡಿಮ್ಮಿಗೆ, 55 ವ್ಯಾಟು. ಬಲ್ಬಿನ ಗಾಜು ಒಳಗಿನಿಂದ ಕಪ್ಪಾಗಿದ್ದರೆ ಅದರ ಕಾಲ ಮುಗಿಯಿತೆಂದು ತಿಳಿಯಿರಿ.

ಮೂರನೆಯದನ್ನು ಅನೇಕರು ನೋಡುವುದೇ ಇಲ್ಲ. ಅದು ಅರ್ಥಿಂಗ್ ವೈರು. ದೀಪದಿಂದ ಬರುವ ಕಪ್ಪು ವೈರು ಕಾರಿನ ಬಾಡಿಗೆ ಒಂದು ಬೋಲ್ಟಿನಿಂದ ಸೇರಿರುತ್ತದೆ. ಅಲ್ಲಿ ತುಕ್ಕು ಹಿಡಿದರೆ ವಿದ್ಯುತ್ತು ಏದುಸಿರು ಬಿಡುತ್ತಾ ಹರಿಯುತ್ತದೆ. ಹ್ಯಾಲೊಜನ್ ದೀಪಕ್ಕೆ ವೋಲ್ಟು ಹತ್ತನೆಯ ಒಂದು ಪಾಲು ಕಡಮೆಯಾದರೆ ಬೆಳಕು ಹತ್ತಿರ ಹತ್ತಿರ ಮೂರನೆಯ ಒಂದು ಪಾಲು ಕಡಮೆಯಾಗುತ್ತದೆ. ಪಂಪಿನ ಸ್ಟಾರ್ಟರು ನೋಡಲು ಇಟ್ಟುಕೊಂಡಿರುವ ಮೀಟರು ಮನೆಯಲ್ಲಿದ್ದರೆ ಎಂಜಿನ್ನು ಓಡುತ್ತಿರುವಾಗ, ದೀಪ ಹೊತ್ತಿಸಿ, ಬ್ಯಾಟರಿಯ ಮೇಲೂ ಬಲ್ಬಿನ ಹಿಂದಿನ ಕಡ್ಡಿಗಳಲ್ಲೂ ಅಳೆದು ನೋಡಿ. ಎರಡಕ್ಕೂ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ದೋಷ ವೈರಿನದು. ಬೋಲ್ಟು ಬಿಚ್ಚಿ ಉಜ್ಜುಕಾಗದದಿಂದ ತಿಕ್ಕಿ ಮತ್ತೆ ಬಿಗಿಯಿರಿ. ಖರ್ಚಿಲ್ಲ.

ಇಷ್ಟಾದರೂ ಬೆಳಕು ಬರದಿದ್ದರೆ ಡೂಮಿನ ಒಳಕ್ಕೆ ಬಗ್ಗಿ ನೋಡಿ. ಕನ್ನಡಿಯ ಹಾಗೆ ಹೊಳೆಯಬೇಕಾದ ಒಳಮೈ ಬೂದಿ ಬಣ್ಣಕ್ಕೆ ತಿರುಗಿದ್ದರೆ, ಮುಖ ಸೀಳಿ ಒಳಗೆ ನೀರು ನಿಂತಿದ್ದರೆ, ಹಿಡಿಕೆಯ ಕಿವಿಗಳು ಮುರಿದು ದೀಪ ಅಲ್ಲಾಡುತ್ತಿದ್ದರೆ, ಆಗ ಬದಲಿಸಲೇಬೇಕು. ಮಳೆಗಾಲದ ಬೆಳಗ್ಗೆ ಒಳಗೆ ಕೊಂಚ ಇಬ್ಬನಿ ಕಟ್ಟಿ ಆಮೇಲೆ ತಾನಾಗಿ ಆರಿದರೆ ಅದು ದೋಷವಲ್ಲ. ಡೂಮಿಗೆ ಉಸಿರಾಡಲು ತೂತುಗಳನ್ನು ಇಟ್ಟಿರುತ್ತಾರೆ.

ಕೊಳ್ಳುವಾಗ

ಕಾರಿನ ಮಾದರಿ, ತಯಾರಾದ ವರ್ಷ, ಎಡವೋ ಬಲವೋ ಇಷ್ಟನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಒಂದೇ ಹೆಸರಿನ ಕಾರಿಗೆ ವರ್ಷ ಬದಲಾದರೆ ಡೂಮೂ ಬದಲಾಗಿರುತ್ತದೆ. ಎಡ ಬಲವೆಂದರೆ ಚಾಲಕನ ಸೀಟಿನಲ್ಲಿ ಕೂತಾಗಿನ ಎಡ ಬಲ, ಎದುರಿಗೆ ನಿಂತು ನೋಡಿದಾಗಿನದಲ್ಲ. ತೀರ ಅಗ್ಗದ ಡೂಮಿನಲ್ಲಿ ಮುಖವೇನೋ ಫಳಫಳ ಎನ್ನುತ್ತದೆ. ಹಿಂದಿನ ತಿರುಪುಗಳು ಎರಡನೆಯ ಸಲ ತಿರುಗಿಸಿದರೆ ಕಿತ್ತು ಬರುತ್ತವೆ. ಅಂಗಡಿಯಲ್ಲೇ ಆ ತಿರುಪನ್ನು ಒಂದು ಸುತ್ತು ಅತ್ತ ಇತ್ತ ತಿರುಗಿಸಿ ನೋಡಿ ಕೊಳ್ಳಿ.

ಅಂಗಡಿಯವನು ಇನ್ನೆರಡು ಆಸೆ ತೋರಿಸುತ್ತಾನೆ. ಒಂದು, 100 ವ್ಯಾಟಿನ ಬಲ್ಬು. ಕಾರಿನ ವೈರು, ಪ್ಲಾಸ್ಟಿಕ್ ಕಪ್ಲರು ಇವುಗಳ ಲೆಕ್ಕ 60 ವ್ಯಾಟಿಗೆ. ಒಂದು ಎಚ್.ಪಿ. ಮೋಟರಿನ ವೈರಿನಲ್ಲಿ ಮೂರು ಎಚ್.ಪಿ. ಓಡಿಸಿದರೆ ಏನಾಗುವುದೋ ಇಲ್ಲೂ ಅದೇ ಆಗುತ್ತದೆ. ಕಪ್ಲರು ಕರಗಿ ವಾಸನೆ ಬರುತ್ತದೆ. ಇನ್ನೊಂದು, ಹ್ಯಾಲೊಜನ್ ಡೂಮಿಗೆ ಸಿಕ್ಕಿಸುವ ಎಲ್‌ಇಡಿ ಬಲ್ಬು. ಡೂಮಿನ ಒಳಗನ್ನಡಿಯ ಬಾಗನ್ನು ಹ್ಯಾಲೊಜನ್ ತಂತಿ ಇರುವ ಜಾಗಕ್ಕೆ ಸರಿಯಾಗಿ ಲೆಕ್ಕ ಹಾಕಿ ಮಾಡಿರುತ್ತಾರೆ. ಬೆಳಕಿನ ಜಾಗ ಕೂದಲೆಳೆಯಷ್ಟು ಸರಿದರೂ ಅದು ರಸ್ತೆಯನ್ನು ಬಿಟ್ಟು ಎದುರಿನವರ ಕಣ್ಣಿಗೆ ಚೆಲ್ಲುತ್ತದೆ. ನಮಗೆ ಬೆಳ್ಳಗೆ ಕಾಣುತ್ತದೆ, ದೂರ ಕಾಣುವುದಿಲ್ಲ. ಎಲ್‌ಇಡಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ; ಅದಕ್ಕೆಂದೇ ಮಾಡಿದ ಡೂಮು ಬೇರೆ.

ಬಿಚ್ಚುವುದು, ಕೂರಿಸುವುದು

ಬಿಸಿಲು ಏರಿದ ಮೇಲೆ ಕೆಲಸಕ್ಕೆ ಕೈ ಹಾಕಿ. ಚಳಿಯಲ್ಲಿ ಪ್ಲಾಸ್ಟಿಕ್ ಕ್ಲಿಪ್ಪುಗಳು ಹಪ್ಪಳದ ಹಾಗೆ ಮುರಿಯುತ್ತವೆ. ಬೇಕಾದದ್ದು 10 ನಂಬರಿನ ಸ್ಪ್ಯಾನರು, ನಕ್ಷತ್ರದ ತುದಿಯ ಸ್ಕ್ರೂಡ್ರೈವರು, ಚಪ್ಪಟೆ ಸ್ಕ್ರೂಡ್ರೈವರು, ಒಂದು ಹಳೆಯ ಸೀರೆ, ಒಂದು ತಟ್ಟೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದಿಡಿ. ಯಾವ ವೈರು ಎಲ್ಲಿತ್ತು ಎಂಬ ಜಗಳ ಆಮೇಲೆ ಇರುವುದಿಲ್ಲ.

ದೀಪ ಆರಿಸಿ, ಚಾವಿ ತೆಗೆದು, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲನ್ನು ಮೊದಲು ಬಿಚ್ಚಿ. ಸೇರಿಸುವಾಗ ಅದನ್ನು ಕಡೆಯಲ್ಲಿ ಸೇರಿಸಿ. ಪಾಸಿಟಿವ್ ಮೇಲಿರುವ ಸ್ಪ್ಯಾನರು ಕಾರಿನ ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ, ಕೈ ಸುಡುತ್ತದೆ; ನೆಗೆಟಿವ್ ಬಿಚ್ಚಿದ್ದರೆ ಆ ಭಯವಿಲ್ಲ. ದೀಪ ಈಗತಾನೆ ಉರಿದಿದ್ದರೆ ಕಾಲು ಗಂಟೆ ಆರಲು ಬಿಡಿ.

ಬಾನೆಟ್ಟು ಎತ್ತಿದರೆ ಡೂಮಿನ ಮೇಲ್ಗಡೆ ಒಂದೆರಡು ಬೋಲ್ಟು ಕಾಣುತ್ತವೆ. ಇನ್ನೊಂದು ಬೋಲ್ಟು ಬಹಳ ಕಾರುಗಳಲ್ಲಿ ಬಂಪರಿನ ಹಿಂದೆ ಅಡಗಿರುತ್ತದೆ. ಅದು ಕಾಣಲಿಲ್ಲವೆಂದು ಡೂಮನ್ನು ಜಗ್ಗಿದರೆ ಕಿವಿ ಮುರಿಯುತ್ತದೆ. ನನ್ನ ಕಾರಿನ ಹಳೆಯ ಎಡ ಡೂಮು ಹಾಗೆಯೇ ಮುರಿದದ್ದು. ಬಂಪರನ್ನು ಪೂರ್ತಿ ಬಿಚ್ಚಬೇಕಾಗಿಲ್ಲ. ಮೇಲಿನ ಕ್ಲಿಪ್ಪುಗಳನ್ನೂ ಚಕ್ರದ ಕಮಾನಿನೊಳಗಿನ ಸ್ಕ್ರೂವನ್ನೂ ತೆಗೆದು ಆ ಮೂಲೆಯನ್ನು ಸಡಿಲಿಸಿದರೆ ಸಾಮಾನ್ಯವಾಗಿ ಸ್ಪ್ಯಾನರು ಹೋಗುತ್ತದೆ. ಬಂಪರಿನ ಮೇಲೆ ಸೀರೆ ಹಾಸಿ, ಗೀರು ಬೀಳುವುದಿಲ್ಲ. ತೆಗೆದ ಸ್ಕ್ರೂಗಳನ್ನು ತಟ್ಟೆಯಲ್ಲಿ ತೆಗೆದ ಕ್ರಮದಲ್ಲೇ ಸುತ್ತ ಜೋಡಿಸಿಡಿ. ಬೋಲ್ಟುಗಳೆಲ್ಲ ಬಂದ ಮೇಲೆ ಡೂಮನ್ನು ಎರಡೂ ಕೈಯಲ್ಲಿ ಹಿಡಿದು ನೇರವಾಗಿ ಮುಂದಕ್ಕೆ ಎಳೆಯಿರಿ. ಎಷ್ಟೋ ಕಾರುಗಳಲ್ಲಿ ಹಿಂದೆ ಒಂದು ಪ್ಲಾಸ್ಟಿಕ್ ಮೊಳೆ ರಬ್ಬರು ಬಿಲ್ಲೆಯೊಳಗೆ ಸಿಕ್ಕಿಕೊಂಡಿರುತ್ತದೆ, ಅದು ಟಪ್ಪೆಂದು ಬಿಡುತ್ತದೆ. ಕಪ್ಲರುಗಳನ್ನು ಬೀಗದ ನಾಲಿಗೆ ಒತ್ತಿ ಬಿಡಿಸಿ. ವೈರು ಹಿಡಿದು ಎಳೆಯಕೂಡದು.

ಬಲ್ಬು ಹಳೆಯ ಡೂಮಿನದೇ ಆಗಲಿ ಹೊಸದೇ ಆಗಲಿ, ಅದರ ಗಾಜಿಗೆ ಬೆರಳು ತಾಕಿಸಬೇಡಿ. ನಮ್ಮ ಬೆರಳಿನ ಎಣ್ಣೆಜಿಡ್ಡು ಗಾಜಿನ ಮೇಲೆ ಉಳಿದರೆ, ದೀಪ ಕಾದಾಗ ಅಲ್ಲಿ ಮಾತ್ರ ಹೆಚ್ಚು ಬಿಸಿಯಾಗಿ ಬಲ್ಬು ಬೇಗ ಹೋಗುತ್ತದೆ. ತಳದ ಲೋಹ ಹಿಡಿದು ಕೂರಿಸಿ. ಎಚ್ 4 ಬಲ್ಬಿಗೆ ಮೂರು ಕಿವಿಗಳಿದ್ದು ಒಂದು ಅಗಲವಾಗಿರುತ್ತದೆ, ಆದ್ದರಿಂದ ಒಂದೇ ರೀತಿಯಲ್ಲಿ ಕೂರುತ್ತದೆ. ಕೂರದಿದ್ದರೆ ತಿರುಗಿಸಿ ನೋಡಿ, ಒತ್ತಬೇಡಿ. ತಂತಿ ಕ್ಲಿಪ್ಪು ಹಾಕಿ, ರಬ್ಬರು ಟೋಪಿಯನ್ನು ಸುತ್ತಲೂ ಒತ್ತಿ ಮುಚ್ಚಿ. ಟೋಪಿ ಒಂದು ಕಡೆ ಎದ್ದಿದ್ದರೂ ಮೊದಲ ಮಳೆಗೇ ಒಳಗೆ ನೀರು. ಡೂಮನ್ನು ಕೂರಿಸುವುದು ತೆಗೆದದ್ದರ ತಿರುಗುಮುರುಗು. ಬೋಲ್ಟುಗಳನ್ನೆಲ್ಲ ಮೊದಲು ಸಡಿಲವಾಗಿ ಹಾಕಿ, ಬಾನೆಟ್ಟಿನ ಸಂದು ಎರಡು ಕಡೆಯೂ ಸಮನಾಗಿದೆಯೇ ನೋಡಿ, ಆಮೇಲೆ ಬಿಗಿಯಿರಿ. ಪಾರ್ಕಿಂಗು, ಇಂಡಿಕೇಟರು, ಡಿಮ್ಮು, ಬ್ರೈಟು ಎಲ್ಲವನ್ನೂ ಒಮ್ಮೆ ಹೊತ್ತಿಸಿ ನೋಡಿ.

ಹಳೆಯ ಜೀಪು ಇಟ್ಟುಕೊಂಡವರಿಗೆ ಕೆಲಸ ಇನ್ನೂ ಸುಲಭ. ಏಳು ಅಂಗುಲದ ದುಂಡು ಗಾಜಿನ ದೀಪ. ಹೊರಗಿನ ಬಳೆ ತೆಗೆದರೆ ಒಳಬಳೆಯನ್ನು ಹಿಡಿದ ಮೂರು ಚಿಕ್ಕ ಸ್ಕ್ರೂಗಳು ಸಿಗುತ್ತವೆ. ಅಲ್ಲೇ ಎರಡು ದೊಡ್ಡ ತಿರುಪುಗಳೂ ಇರುತ್ತವೆ, ಮೇಲೊಂದು, ಪಕ್ಕದಲ್ಲೊಂದು. ಅವು ಬೆಳಕನ್ನು ನೇರ ಮಾಡುವ ತಿರುಪುಗಳು. ಬಿಚ್ಚುವ ಸ್ಕ್ರೂ ಎಂದು ತಿಳಿದು ಅವನ್ನು ತಿರುಗಿಸಿದವರು ನಮ್ಮಲ್ಲಿ ಕಡಮೆಯಿಲ್ಲ. ಇನ್ನು, ಹುಟ್ಟುವಾಗಲೇ ಎಲ್‌ಇಡಿ ದೀಪ ಪಡೆದ ಹೊಸ ಕಾರುಗಳನ್ನೂ, ಕ್ಸೆನಾನ್ ದೀಪದ ಕಾರುಗಳನ್ನೂ ಮನೆಯಲ್ಲಿ ಬಿಚ್ಚುವುದು ಬೇಡ. ಕ್ಸೆನಾನ್ ದೀಪ ಹೊತ್ತುವಾಗ ಅದರಲ್ಲಿ ಸಾವಿರಾರು ವೋಲ್ಟು ಓಡುತ್ತದೆ.

ಗೋಡೆಯ ಮೇಲಿನ ಗೆರೆ

ಈಗ ಉಳಿದರ್ಧ. ಇದನ್ನು ನಿಧಾನವಾಗಿ ಓದಿ.

ಸಮನಾದ ನೆಲ ಬೇಕು, ಎದುರಿಗೆ ಸುಣ್ಣ ಹೊಡೆದ ಗೋಡೆ ಬೇಕು. ಒಕ್ಕಣೆಯ ಕಣವಿದ್ದರೆ ಬಹಳ ಒಳ್ಳೆಯದು. ನೆಲ ಸಮನಾಗಿದೆಯೇ ಎಂಬ ಅನುಮಾನವಿದ್ದರೆ ಗಾರೆಯವರ ಹಾಗೆ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಕಾರು ನಿಲ್ಲುವ ಜಾಗದಿಂದ ಗೋಡೆಗೆ ಮಟ್ಟ ಹಿಡಿಯಿರಿ. ಟೈರುಗಳಲ್ಲಿ ಗಾಳಿ ಸರಿಯಾಗಿರಲಿ. ಚಾಲಕನ ಸೀಟಿನಲ್ಲಿ ಒಬ್ಬರು ಕೂರಲಿ. ಯಾರೂ ಸಿಗದಿದ್ದರೆ ಅಷ್ಟೇ ತೂಕದ ರಾಗಿ ಮೂಟೆ ಕೂರಿಸಿ, ಅದು ಬೇಸರಪಡುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ದೀಪವನ್ನು ಮೇಲೆ ಕೆಳಗೆ ಮಾಡುವ 0, 1, 2, 3 ಅಂಕಿಯ ಚಕ್ರವಿದ್ದರೆ ಅದು 0ಯಲ್ಲಿರಲಿ.

ದೀಪದಿಂದ ಗೋಡೆಗೆ 5 ಮೀಟರು, ಎಂದರೆ ಸುಮಾರು ಹದಿನಾರೂವರೆ ಅಡಿ ಇರುವಂತೆ, ಗೋಡೆಗೆ ನೇರವಾಗಿ ಕಾರು ನಿಲ್ಲಿಸಿ. ನೆಲದಿಂದ ಬಲ್ಬಿನ ನಡುವಿನವರೆಗೆ ಎತ್ತರ ಅಳೆಯಿರಿ. ಅಷ್ಟೇ ಎತ್ತರದಲ್ಲಿ ಗೋಡೆಯ ಮೇಲೆ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆಯಿರಿ. ಅದಕ್ಕಿಂತ 5 ಸೆಂಟಿಮೀಟರು, ಎಂದರೆ ಎರಡು ಅಂಗುಲ, ಕೆಳಗೆ ಇನ್ನೊಂದು ಅಡ್ಡಗೆರೆ. ಎರಡು ದೀಪಗಳ ನಡುಬಿಂದುವಿಗೆ ಸರಿಯಾಗಿ ಎರಡು ಉದ್ದಗೆರೆ. ಕೆಳಗಿನ ಅಡ್ಡಗೆರೆಯೇ ನಮಗೆ ಮುಖ್ಯ. ಕೆಲವು ಡೂಮುಗಳ ಮೇಲೆ, ಇಲ್ಲವೆ ಬಾನೆಟ್ಟಿನ ಒಳಗೆ, ಈ ಇಳಿತವನ್ನು ಶೇಕಡ ಲೆಕ್ಕದಲ್ಲಿ ಅಚ್ಚು ಹಾಕಿರುತ್ತಾರೆ. ನೂರಕ್ಕೆ ಒಂದು ಎಂದಿದ್ದರೆ 5 ಮೀಟರಿಗೆ 5 ಸೆಂಟಿಮೀಟರು. ಬೇರೆ ಅಂಕಿ ಇದ್ದರೆ ಅದರಂತೆ ನಡೆಯಿರಿ.

ಕತ್ತಲಾದ ಮೇಲೆ ಡಿಮ್ಮು ಹೊತ್ತಿಸಿ. ಒಂದು ದೀಪದ ಮುಂದೆ ರಟ್ಟು ನಿಲ್ಲಿಸಿ ಇನ್ನೊಂದನ್ನು ನೋಡಿ. ರಟ್ಟು ದೀಪಕ್ಕೆ ತಾಕದಿರಲಿ. ಗೋಡೆಯ ಮೇಲೆ ಬೆಳಕಿನ ಮೇಲಂಚು ಬಲಗಡೆ ಸಮನಾಗಿದ್ದು, ನಡುವಿನಿಂದ ಎಡಕ್ಕೆ ಓರೆಯಾಗಿ ಏರುತ್ತದೆ. ಎಡಕ್ಕೇಕೆ ಏರಬೇಕು? ನಾವು ರಸ್ತೆಯ ಎಡಕ್ಕೆ ಓಡಿಸುವವರು. ಎಡದ ಅಂಚಿನಲ್ಲಿ ನಡೆಯುವ ಮನುಷ್ಯ, ನಿಂತ ಗಾಡಿ ಕಾಣಲೆಂದು ಅತ್ತ ಎತ್ತರ. ಎದುರು ಬರುವವರ ಕಣ್ಣಿಗೆ ಬೀಳದಿರಲೆಂದು ಬಲಕ್ಕೆ ತಗ್ಗು. ನಿಮ್ಮ ಹೊಸ ಡೂಮಿನಲ್ಲಿ ಏರಿಕೆ ಬಲಕ್ಕಿದ್ದರೆ ಅದು ಬಲಕ್ಕೆ ಓಡಿಸುವ ದೇಶದ ಮಾಲು, ಹಿಂದಿರುಗಿಸಿ.

ಡೂಮಿನ ಹಿಂದಿನ ತಿರುಪನ್ನು ಕಾಲು ಸುತ್ತು ಕಾಲು ಸುತ್ತಾಗಿ ತಿರುಗಿಸುತ್ತಾ, ಬಲಗಡೆಯ ಸಮ ಅಂಚು ಕೆಳಗಿನ ಅಡ್ಡಗೆರೆಯ ಮೇಲೆ ಬರುವಂತೆ ಮಾಡಿ. ಪಕ್ಕದ ತಿರುಪಿದ್ದರೆ ಅದರಿಂದ ಅಂಚು ಮೇಲೇಳಲು ತೊಡಗುವ ಜಾಗ ಉದ್ದಗೆರೆಗೆ ಸರಿಹೊಂದಲಿ. ಇನ್ನೊಂದು ದೀಪಕ್ಕೂ ಹೀಗೆಯೇ.

ಎರಡು ಅಂಗುಲಕ್ಕೆ ಇಷ್ಟು ರಂಪವೇಕೆ ಎನ್ನುತ್ತೀರೋ? ಲೆಕ್ಕ ನೋಡಿ. ದೀಪ ನೆಲದಿಂದ 65 ಸೆಂಟಿಮೀಟರು ಎತ್ತರದಲ್ಲಿದೆ ಎನ್ನೋಣ. 5 ಮೀಟರಿಗೆ 5 ಸೆಂಟಿಮೀಟರು ಇಳಿದರೆ ಬೆಳಕು 65 ಮೀಟರು ದೂರದಲ್ಲಿ ನೆಲ ಮುಟ್ಟುತ್ತದೆ. 10 ಸೆಂಟಿಮೀಟರು ಇಳಿಸಿದರೆ 32 ಮೀಟರಿಗೇ ಮುಗಿಯಿತು. ಗಂಟೆಗೆ 60 ಕಿಲೋಮೀಟರು ವೇಗದ ಕಾರು ಒಂದು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ಓಡುತ್ತದೆ. ಕಂಡು, ಕಾಲು ಬ್ರೇಕಿಗೆ ಹೋಗಿ, ಒಣ ಟಾರು ರಸ್ತೆಯಲ್ಲಿ ಕಾರು ನಿಲ್ಲುವ ಹೊತ್ತಿಗೆ ಸುಮಾರು 45 ಮೀಟರು ಕಳೆದಿರುತ್ತದೆ. 32 ಮೀಟರಿನ ಬೆಳಕಿನಲ್ಲಿ ಕರಿ ಕಂಬಳಿ ಹೊದ್ದು ನೀರು ಕಟ್ಟಲು ಹೊರಟವನು ಕಂಡರೂ ಕಾರು ನಿಲ್ಲದು. ಇನ್ನು ಮೇಲಕ್ಕೆ ತಪ್ಪಿದರೆ? ನನ್ನ ದೀಪ ಗೆರೆಗಿಂತ 15 ಸೆಂಟಿಮೀಟರು ಮೇಲಿತ್ತಲ್ಲ, ಎಂದರೆ ಬೆಳಕು ಇಳಿಯುವ ಬದಲು ಐದು ಮೀಟರಿಗೆ 10 ಸೆಂಟಿಮೀಟರು ಏರುತ್ತಿತ್ತು. 30 ಮೀಟರು ಹೋಗುವಷ್ಟರಲ್ಲಿ ನೆಲದಿಂದ ಒಂದೂಕಾಲು ಮೀಟರು. ಮೊಪೆಡ್ಡಿನ ಮೇಲೆ ಕೂತವರ ಕಣ್ಣು ಹೆಚ್ಚು ಕಡಮೆ ಅಲ್ಲೇ ಇರುತ್ತದೆ. ವಯಸ್ಸಾದವರ ಕಣ್ಣು ಆ ಬೆಳಕಿನಿಂದ ಚೇತರಿಸಿಕೊಳ್ಳಲು ಎಳೆಯರ ಕಣ್ಣಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತು ಅವರ ಗಾಡಿ ಕುರುಡಾಗಿ ಓಡುತ್ತದೆ.

ಕಾನೂನೂ ಇದನ್ನು ಕೇಳುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೆಯ ನಿಯಮದ ಪ್ರಕಾರ, ದೀಪದಿಂದ 8 ಮೀಟರು ಮುಂದೆ, ವಾಹನದ ಬಲ ಅಂಚಿನಿಂದ ಅರ್ಧ ಮೀಟರು ಬಲಕ್ಕೆ, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿ ಕಣ್ಣಿರುವವರಿಗೆ ಕೋರೈಸದಂತೆ ಬೆಳಕು ಕೆಳಕ್ಕೆ ಬಾಗಿರಬೇಕು. ಗೋಡೆಯ ಕೆಲಸ ಮುಗಿದ ಮೇಲೆ ಮನೆಯ ಯಾರನ್ನಾದರೂ ಎಂಟು ಮೀಟರು ಮುಂದೆ, ಕಾರಿನ ಬಲಕ್ಕೆ ನಿಲ್ಲಿಸಿ ಕೇಳಿ ನೋಡಿ.

ಮಾಲು ಹೇರುವವರಿಗೆ ಒಂದು ಮಾತು. ಹಿಂದೆ ಹತ್ತು ಕ್ರೇಟು ಟೊಮೇಟೊ ಹಾಕಿದರೆ ಕಾರಿನ ಹಿಂಬದಿ ಕುಸಿದು ಮೂಗು ಎತ್ತುತ್ತದೆ, ಅದರೊಡನೆ ಬೆಳಕೂ ಮೇಲೇರುತ್ತದೆ. ಅಂಕಿಯ ಚಕ್ರವಿದ್ದರೆ ಹೊರೆಗೆ ತಕ್ಕಂತೆ 2ಕ್ಕೋ 3ಕ್ಕೋ ತಿರುಗಿಸಿ. ಚಕ್ರವಿಲ್ಲದ ಕಾರು ರಾತ್ರಿ ಓಡುವುದು ಹೆಚ್ಚಾಗಿ ಹೊರೆ ಹೊತ್ತೇ ಆದರೆ, ಹೊರೆ ಹೇರಿಕೊಂಡೇ ಗೋಡೆಯ ಮುಂದೆ ನಿಲ್ಲಿಸಿ ಗೆರೆಗೆ ಹೊಂದಿಸಿ. ಖಾಲಿ ಬರುವಾಗ ಬೆಳಕು ಸ್ವಲ್ಪ ಹತ್ತಿರ ಬೀಳುತ್ತದೆ, ನಿಧಾನವಾಗಿ ಬನ್ನಿ.

ಒಂದು ವಾರ ಓಡಿಸಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು ಗೋಡೆಯ ಮುಂದೆ ಇನ್ನೊಮ್ಮೆ ನೋಡಿ. ನಮ್ಮ ರಸ್ತೆಗಳ ಗುಂಡಿಯಲ್ಲಿ ಹೊಸ ತಿರುಪು ಕೊಂಚ ಸಡಿಲಾಗುವುದುಂಟು. ಗೋಡೆಯ ಗೆರೆಗಳನ್ನು ಅಳಿಸಬೇಡಿ. ಸೀಮೆಸುಣ್ಣದ ಜಾಗಕ್ಕೆ ಬಣ್ಣ ಬಳಿದು ಪಕ್ಕದಲ್ಲಿ ಕಾರಿನ ಹೆಸರು ಬರೆದಿಡಿ. ಐದು ಮೀಟರಿನ ಜಾಗದಲ್ಲಿ ನೆಲಕ್ಕೊಂದು ಕಲ್ಲು ಹುಗಿಯಿರಿ. ನೆರೆಯವರ ಕಾರು, ಟ್ರಾಕ್ಟರು ಬಂದರೆ ಅವುಗಳ ಎತ್ತರಕ್ಕೆ ಬೇರೆ ಗೆರೆ ಎಳೆದರಾಯಿತು.